ಪಹಣಿ ಬರೆಯೋರು ಸಾವಿರ ಜನ, ಕಾಯೋರು ಯಾರು?

ಮೊನ್ನೆ ಊರಿಗೆ ಹೋಗಿದ್ದಾಗ ಅಪ್ಪ ಜಗಲಿ ಮೇಲೆ ಕೂತು, ಹಳೇ ಪ್ಲಾಸ್ಟಿಕ್ ಕವರ್ ಬಿಚ್ಚಿ ಮೂರು ಪಹಣಿಗಳನ್ನು ನನ್ನ ಮುಂದೆ ಇಟ್ಟರು. ಮೂರೂ ಒಂದೇ ಸರ್ವೆ ನಂಬರಿನವು. 2009ರದ್ದರಲ್ಲಿ ಎಲ್ಲ ಸರಿಯಾಗಿದೆ. 2016ರದ್ದರಲ್ಲಿ ಅಪ್ಪನ ಹೆಸರಿನ ಕೊನೆಯ ‘ಗೌಡ’ ಬಿದ್ದುಹೋಗಿದೆ. ಹೊಸದರಲ್ಲಿ ‘ಗೌಡ’ ವಾಪಸ್ ಬಂದಿದೆ, ಆದರೆ ವಿಸ್ತೀರ್ಣದಲ್ಲಿ ನಾಲ್ಕು ಗುಂಟೆ ಇಲ್ಲ.

“ನಾನು ಯಾರಿಗೂ ಮಾರಿಲ್ಲ, ಯಾರಿಗೂ ಬರ್ಕೊಟ್ಟಿಲ್ಲ. ನಾಕು ಗುಂಟೆ ಎಲ್ಲೋಯ್ತಲಾ ಮಗ? ನೀನು ಕಂಪ್ಯೂಟರ್ ಕೆಲಸದೋನು, ನೀನೇ ಹೇಳು” ಅಂದರು.

ಕಚೇರಿಗೆ ಹೋದೆವು. ಯಾವ ಕಚೇರಿ, ಯಾವ ತಾಲೂಕು ಅನ್ನುವುದು ಇಲ್ಲಿ ಬೇಡ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕರಲ್ಲಿ ಯಾವ ಊರಿನವರು ಓದಿದರೂ ಇದು ತಮ್ಮೂರಿನದೇ ಅಂದುಕೊಳ್ಳುತ್ತಾರೆ. ಕೌಂಟರಿನಲ್ಲಿದ್ದ ಹುಡುಗ “ಸರ್ವರ್ ಇಲ್ಲ ಯಜಮಾನ್ರೇ, ನಾಳೆ ಬನ್ನಿ” ಅಂದ. ಮಾರನೇ ದಿನ ಹೋದಾಗ ಸರ್ವರ್ ಇತ್ತು, ಉತ್ತರ ಇರಲಿಲ್ಲ. “ಸಿಸ್ಟಮ್ಮಲ್ಲಿ ಹಂಗೇ ಐತೆ ಸಾರ್. ಯಾರು ಮಾಡಿದ್ದೋ ಏನೋ, ಅದೆಲ್ಲ ಬೆಂಗಳೂರಿನೋರಿಗೇ ಗೊತ್ತು.”

ನಾನು ಆ ಬೆಂಗಳೂರಿನೋನೇ. ಹದಿನಾಲ್ಕು ವರ್ಷದಿಂದ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಕೆಲಸ ಮಾಡುತ್ತಿದ್ದೇನೆ. ಸಾಫ್ಟ್‌ವೇರ್ ಜನ ಚಿಕ್ಕದಾಗಿ ಡಿಬಿಎ ಅನ್ನುತ್ತಾರೆ. ಒಂದು ಸಂಸ್ಥೆಯ ದತ್ತಾಂಶ ಕೆಡದಂತೆ, ಕಳೆಯದಂತೆ, ಕಳ್ಳತನವಾಗದಂತೆ, ಕೇಳಿದಾಗ ಬೇಗ ಸಿಗುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಕೆಲಸ ಮಾಡುವ ಕಡೆ ಒಂದು ಅಂಕಿ ಬದಲಾದರೆ ಯಾರು, ಯಾವಾಗ, ಯಾವ ಯಂತ್ರದಿಂದ, ಯಾರ ಅನುಮತಿಯಿಂದ ಬದಲಿಸಿದರು ಅಂತ ಐದು ನಿಮಿಷದಲ್ಲಿ ಹೇಳದಿದ್ದರೆ ನನ್ನ ಕೆಲಸಕ್ಕೇ ಕುತ್ತು. ನಮ್ಮಪ್ಪನ ನಾಲ್ಕು ಗುಂಟೆಗೆ ಮಾತ್ರ ಆ ಐದು ನಿಮಿಷ ಕೊಡುವವರು ಯಾರೂ ಇಲ್ಲ.

ಕಳೆದ ಇಪ್ಪತ್ತೈದು ವರ್ಷ ನಾವು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುವುದನ್ನೇ ಸಾಧನೆ ಅಂತ ಎಣಿಸಿದೆವು. ಏರಿಸಿದ್ದನ್ನು ಕಾಯುವ ಕೆಲಸವನ್ನು ಯಾರಿಗೂ ಕಲಿಸಲಿಲ್ಲ, ಯಾರಿಗೂ ವಹಿಸಲಿಲ್ಲ. ಇದರ ಬೆಲೆ ತೆರುತ್ತಿರುವವರು ಕೌಂಟರಿನ ಈಚೆ ನಿಂತವರು.

ಶಾನುಭೋಗರ ಕಡತದಿಂದ ‘ಭೂಮಿ’ವರೆಗೆ

ಹಳೇ ಮೈಸೂರು ಸೀಮೆಯಲ್ಲಿ ಊರಿನ ಮೊದಲ ಡಿಬಿಎ ಶಾನುಭೋಗ. ಯಾರ ಹೊಲ ಎಲ್ಲಿಂದ ಎಲ್ಲಿಗೆ, ಯಾರ ಕಂದಾಯ ಎಷ್ಟು ಬಾಕಿ ಎಲ್ಲ ಅವರ ಕಡತದಲ್ಲಿ. ಆ ಕಡತ ಅವರ ಮನೆಯಲ್ಲೇ ಇರುತ್ತಿತ್ತು ಅನ್ನುವುದೇ ದೊಡ್ಡ ಸಮಸ್ಯೆ. ಬೇಕಾದವರಿಗೆ ಒಂದು ಗೆರೆ, ಬೇಡದವರಿಗೆ ಒಂದು ಗೆರೆ. ವಂಶಪಾರಂಪರ್ಯ ಗ್ರಾಮಾಧಿಕಾರವನ್ನು 1961ರ ಕಾಯ್ದೆ ರದ್ದು ಮಾಡಿತು, ಗ್ರಾಮ ಲೆಕ್ಕಿಗರು ಬಂದರು. ಕಡತ ಮಾತ್ರ ಕಾಗದದಲ್ಲೇ ಉಳಿಯಿತು.

2000ದ ಸುಮಾರಿಗೆ, ಮಂಡ್ಯ ಜಿಲ್ಲೆಯವರೇ ಆದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ‘ಭೂಮಿ’ ಯೋಜನೆ ಬಂತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಬೆನ್ನಿಗೆ ನಿಂತರು, ಎನ್‌ಐಸಿ ತಂತ್ರಾಂಶ ಬರೆಯಿತು. 177 ತಾಲೂಕುಗಳ ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರ ದಾಖಲೆ ಕಂಪ್ಯೂಟರಿಗೆ ಹೋಯಿತು. 15 ರೂಪಾಯಿ ಕೊಟ್ಟರೆ ಕಿಯಾಸ್ಕಿನಲ್ಲಿ ಪಹಣಿ ಕೈಗೆ. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು, ಮ್ಯುಟೇಶನ್ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು ಅನ್ನುವ ನಿಯಮಗಳೂ ಬಂದವು. ಈ ಕೆಲಸದವನಾಗಿ ಹೇಳುತ್ತೇನೆ, ಆ ಕಾಲಕ್ಕೆ ಇವು ಸಣ್ಣ ಸಂಗತಿಗಳಲ್ಲ. ಯಾರು ಬರೆದರು ಅನ್ನುವುದಕ್ಕೆ ಗುರುತು ಇರಬೇಕು ಅಂತ ಯೋಚಿಸಿದ್ದರು.

ಹಾಗಂತ ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಬೆಂಗಳೂರಿನ ಸುತ್ತ ‘ಭೂಮಿ’ಯಿಂದ ಹೆಚ್ಚು ಲಾಭವಾದದ್ದು ದೊಡ್ಡ ಭೂ ವ್ಯವಹಾರಸ್ಥರಿಗೆ ಎಂದು ವಾದಿಸಿತು. ಹಳ್ಳಿಯಲ್ಲಿದ್ದ ಅಧಿಕಾರ ತಾಲೂಕಿಗೂ ಅಲ್ಲಿಂದ ಮೇಲಕ್ಕೂ ಹೋದಂತೆ ಸಣ್ಣ ರೈತನಿಗೆ ಅದು ಇನ್ನೂ ದೂರವಾಯಿತು ಅನ್ನುವುದು ಅವರ ಮಾತಿನ ಸಾರ. ಆ ವಾದವನ್ನು ಪೂರ್ತಿ ಒಪ್ಪದವರೂ ಒಂದು ಮಾತು ಒಪ್ಪಲೇಬೇಕು: ಶಾನುಭೋಗನ ಮನೆ ಎಲ್ಲಿದೆ ಅಂತ ನಮ್ಮಜ್ಜನಿಗೆ ಗೊತ್ತಿತ್ತು. ಈಗಿನ ಡೇಟಾಬೇಸ್ ನೋಡಿಕೊಳ್ಳುವವರು ಯಾರು ಅಂತ ನಮ್ಮಪ್ಪನಿಗಿರಲಿ, ಕೌಂಟರಿನ ಹುಡುಗನಿಗೂ ಗೊತ್ತಿಲ್ಲ.

ನಮ್ಮ ಬದುಕೇ ಒಂದು ಪಟ್ಟಿ

ಈಗ ಪಹಣಿ ಒಂದೇ ಅಲ್ಲ. ನಾಗಮಂಗಲದ ರಾಗಿ ಬೆಳೆಗಾರ ಬೆಂಬಲ ಬೆಲೆಗೆ ಮಾರಬೇಕೆಂದರೆ ‘ಫ್ರೂಟ್ಸ್’ ಐಡಿ ಬೇಕು, ಅದಕ್ಕೆ ಪಹಣಿ ಜೋಡಣೆಯಾಗಿರಬೇಕು, ಬೆಳೆ ಸಮೀಕ್ಷೆಯಲ್ಲಿ ಆ ಹೊಲದಲ್ಲಿ ರಾಗಿ ಅಂತಲೇ ಇರಬೇಕು. ಕಣದಲ್ಲಿ ರಾಶಿ ಕಣ್ಣಿಗೆ ಕಾಣುತ್ತಿದ್ದರೂ ಪಟ್ಟಿಯಲ್ಲಿ ಹುರುಳಿ ಅಂತಿದ್ದರೆ ಖರೀದಿ ಕೇಂದ್ರದಲ್ಲಿ ತಕರಾರು. ಪಾಂಡವಪುರದ ಕಬ್ಬು ಬೆಳೆಗಾರನಿಗೆ ತೂಕದ ಚೀಟಿ, ಕೆ.ಆರ್. ಪೇಟೆಯ ಹೆಣ್ಣುಮಗಳಿಗೆ ಡೇರಿಗೆ ಹಾಕಿದ ಹಾಲಿನ ಫ್ಯಾಟು ಮತ್ತು ದುಡ್ಡು, ಗೃಹಲಕ್ಷ್ಮಿಯ 2,000 ರೂಪಾಯಿ, ಪಿಎಂ ಕಿಸಾನ್ ಕಂತು, ಪಡಿತರ ಎಲ್ಲವೂ ಎಲ್ಲೋ ಒಂದು ಸರ್ವರಿನೊಳಗಿನ ಒಂದು ಸಾಲು. ಆ ಸಾಲು ಸರಿಯಿದ್ದರೆ ಒಲೆ ಉರಿಯುತ್ತದೆ.

ಶ್ರೀರಂಗಪಟ್ಟಣದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. 2024ರ ಕೊನೆಯಲ್ಲಿ ರಾಜ್ಯದ ಹಲವು ಕಡೆ ಪಹಣಿಯ 11ನೇ ಕಾಲಮ್ಮಿನಲ್ಲಿ ವಕ್ಫ್ ಹೆಸರು ಕಾಣಿಸಿಕೊಂಡಿದ್ದು ದೊಡ್ಡ ವಿವಾದವಾಯಿತು. ನೋಟಿಸ್ ವಾಪಸ್ ಪಡೆಯಿರಿ ಅಂತ ಸರ್ಕಾರ ಆದೇಶಿಸಿತು. 2025ರ ಜನವರಿಯಲ್ಲಿ ಶ್ರೀರಂಗಪಟ್ಟಣ ಬಂದ್ ಕೂಡ ಆಯಿತು. ಯಾವ ಜಾಗ ಯಾರದ್ದು ಅನ್ನುವ ತೀರ್ಮಾನ ಕಾನೂನಿನದು, ಅದನ್ನು ನಾನು ಹೇಳುವುದಿಲ್ಲ. ಆ ಗದ್ದಲದಲ್ಲಿ ನನಗೆ ಕಾಡಿದ್ದು ಬೇರೆ. ಆ ಒಂದು ನಮೂದು ಎಂದು ಬಿತ್ತು, ಯಾವ ಆದೇಶ ಸಂಖ್ಯೆಯ ಮೇಲೆ ಬಿತ್ತು, ಯಾರ ಲಾಗಿನ್‌ನಿಂದ ಬಿತ್ತು, ಅದಕ್ಕೂ ಮೊದಲು ಆ ಜಾಗದಲ್ಲಿ ಏನಿತ್ತು? ಈ ನಾಲ್ಕು ಪ್ರಶ್ನೆಗೆ ಉತ್ತರವಿರುವ ಒಂದು ಹಾಳೆಯನ್ನು ಪ್ರತಿ ರೈತನ ಕೈಗೂ ಕೊಟ್ಟಿದ್ದರೆ ಬೀದಿಗೆ ಬರುವ ಮೊದಲೇ ಅರ್ಧ ಆತಂಕ ಇಳಿಯುತ್ತಿತ್ತು. ಉತ್ತರ ಕೊಡದೇ ಖಾಲಿ ಬಿಟ್ಟ ಜಾಗಕ್ಕೆ ರಾಜಕೀಯ ಬಂದು ಕೂತಿತು. ದಾಖಲೆಯ ಚರಿತ್ರೆ ಕಾಣದ ಕಡೆ ಪ್ರತಿ ನಮೂದೂ ಪಿತೂರಿಯಂತೆ ಕಾಣುತ್ತದೆ.

ಮೊದಲ ಪಾಠವೇ ‘ಎಲ್ಲ ಅನುಮತಿ ಕೊಡು’

ಹಾಗಾದರೆ ಈ ಕೆಲಸ ಬಲ್ಲವರು ನಮ್ಮಲ್ಲಿ ಇಲ್ಲವೇ? ಹುಡುಗರಿಗೆ ಕೊರತೆಯಿಲ್ಲ. ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು 2007ರಿಂದ ಇದೆ. ಶ್ರೀರಂಗಪಟ್ಟಣ ತಾಲೂಕಿನ ಬೆಳವಾಡಿಯಲ್ಲಿ ಮಹಾರಾಜ ತಾಂತ್ರಿಕ ಕಾಲೇಜಿದೆ. ನಾಗಮಂಗಲ ತಾಲೂಕಿನ ಬೆಳ್ಳೂರು ಕ್ರಾಸಿನ ಬಳಿ ಆದಿಚುಂಚನಗಿರಿಯವರ ಕಾಲೇಜಿದೆ. ಪಾಂಡವಪುರದ ಹುಡುಗರಿಗೆ ಮೈಸೂರೂ ಹತ್ತಿರ, ಕೆ.ವಿ. ಶಂಕರಗೌಡರು 1962ರಲ್ಲಿ ಕಟ್ಟಿದ ಮಂಡ್ಯದ ಪಿಇಎಸ್ ಕಾಲೇಜೂ ಹತ್ತಿರ.

ವಿಟಿಯುನ 2022ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸಿನ ನಾಲ್ಕನೇ ಸೆಮಿಸ್ಟರಿಗೆ ಡೇಟಾಬೇಸ್ ವಿಷಯ ಬರುತ್ತದೆ. ಪುಸ್ತಕ ಎಲ್ಮಾಸ್ರಿ ಮತ್ತು ನವಾತೆ ಅವರದು, ಒಳ್ಳೆಯ ಪುಸ್ತಕ. ಲ್ಯಾಬಿನ ಮೊದಲ ಪ್ರಯೋಗದ ಮೊದಲ ಸಾಲು ಏನು ಗೊತ್ತೇ? ಒಬ್ಬ ಬಳಕೆದಾರನನ್ನು ಸೃಷ್ಟಿಸಿ, ಅವನಿಗೆ ಎಲ್ಲ ಅನುಮತಿಗಳನ್ನೂ ಕೊಡಿ!

ಕಲಿಕೆಯ ಅನುಕೂಲಕ್ಕೆ ಹಾಗೆ ಮಾಡಿದ್ದಾರೆ, ಅದರಲ್ಲಿ ದುರುದ್ದೇಶ ಏನೂ ಇಲ್ಲ. ಆದರೆ ನನ್ನ ವೃತ್ತಿಯಲ್ಲಿ ಮೊದಲು ಬಿಡಿಸಬೇಕಾದ ಅಭ್ಯಾಸವೇ ಅದು. ಆಮೇಲೆ ಟ್ರಿಗರ್, ಕರ್ಸರ್, ಮೊಂಗೊಡಿಬಿ ಎಲ್ಲ ಬರುತ್ತವೆ. ಬ್ಯಾಕಪ್ ತೆಗೆದು, ಬೇಕಂತಲೇ ಡೇಟಾಬೇಸ್ ಕೆಡಿಸಿ, ಮತ್ತೆ ಅದನ್ನು ಎದ್ದು ನಿಲ್ಲಿಸಿ ತೋರಿಸು ಅನ್ನುವ ಪ್ರಯೋಗ ಮಾತ್ರ ಆ ಪಟ್ಟಿಯಲ್ಲಿಲ್ಲ. ನಾನು ಸಂದರ್ಶನಕ್ಕೆ ಕೂತಾಗ ನಮ್ಮ ಕಡೆ ಹುಡುಗರು ಸಿಕ್ಕರೆ ಖುಷಿಯಾಗುತ್ತದೆ. ನಾರ್ಮಲೈಸೇಶನ್ ಬಗ್ಗೆ ಕೇಳಿದರೆ ಪಟಪಟ ಹೇಳುತ್ತಾರೆ. “ರಾತ್ರಿ ಎರಡು ಗಂಟೆಗೆ ಯಾರೋ ತಪ್ಪಾಗಿ ಸಾವಿರ ಸಾಲು ಅಳಿಸಿದರು ಕಣಪ್ಪ, ಏನ್ಮಾಡ್ತೀಯ?” ಅಂದರೆ ಮುಖ ನೋಡುತ್ತಾರೆ. ಅವರ ತಪ್ಪಲ್ಲ. ಈಜು ಕಲಿಸುವಾಗ ನಾವು ನೀರಿಗೇ ಇಳಿಸಿಲ್ಲ.

ಕಾಯುವವನಿಗೆ ಬೇಕಾದ ಐದು ವಿದ್ಯೆ

ಮೊದಲನೆಯದು, ವಾಪಸ್ ತರುವ ವಿದ್ಯೆ. ಬ್ಯಾಕಪ್ ಇದೆ ಅನ್ನುವುದು ಸಾಲದು, ಅದರಿಂದ ದತ್ತಾಂಶ ಎದ್ದು ಬರುತ್ತದೆ ಅಂತ ಮಾಡಿ ನೋಡಿರಬೇಕು. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟರು. ಬ್ಯಾಕಪ್‌ಗೆ ಹಲವು ವ್ಯವಸ್ಥೆಗಳಿದ್ದವು, ನೋಡಿದರೆ ಒಂದೊಂದೂ ಒಂದೊಂದು ಕಾರಣಕ್ಕೆ ಕೈಕೊಟ್ಟಿತ್ತು. ಅದೃಷ್ಟಕ್ಕೆ ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟ ಒಂದು ಪ್ರತಿ ಉಳಿಸಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದಾಗ 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತವು. ಸರ್ಕಾರಿ ನೌಕರರ ಕಡತಗಳಿದ್ದ 858 ಟೆರಾಬೈಟ್ ಸಂಗ್ರಹಕ್ಕೆ ಬೇರೆ ಕಡೆ ಬ್ಯಾಕಪ್ಪೇ ಇರಲಿಲ್ಲ, ಸುಟ್ಟುಹೋಯಿತು. ತಂತ್ರಜ್ಞಾನದಲ್ಲಿ ನಮಗಿಂತ ಎಷ್ಟೋ ಮುಂದಿರುವ ದೇಶದ ಕಥೆ ಇದು. ವೃತ್ತಿಯ ಹಳೇ ಸೂತ್ರ ಸುಲಭ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ಬಿತ್ತನೆ ಬೀಜವನ್ನೆಲ್ಲ ಒಂದೇ ಕಣಜದಲ್ಲಿ ಇಡಬಾರದು ಅಂತ ನಮ್ಮಜ್ಜಿಗೆ ಯಾವ ಕೋರ್ಸೂ ಇಲ್ಲದೇ ಗೊತ್ತಿತ್ತು.

ಎರಡನೆಯದು, ಬೀಗದ ಕೈ ಹಂಚುವ ವಿದ್ಯೆ. ಯಾರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅನುಮತಿ. ಪಹಣಿ ಮುದ್ರಿಸುವವನಿಗೆ ಓದುವ ಅನುಮತಿ ಸಾಕು, ತಿದ್ದುವುದು ಬೇಡ. ತಿದ್ದುವವನು ಒಬ್ಬ, ಒಪ್ಪುವವನು ಇನ್ನೊಬ್ಬ. ಒಬ್ಬರ ಪಾಸ್‌ವರ್ಡನ್ನು ಕಚೇರಿಯೆಲ್ಲ ಬಳಸುವ ಕಡೆ ಬೆರಳಚ್ಚಿನ ಯಂತ್ರ ಇಟ್ಟರೂ ಪ್ರಯೋಜನವಿಲ್ಲ.

ಮೂರನೆಯದು, ಹೆಜ್ಜೆ ಗುರುತು ಉಳಿಸುವ ವಿದ್ಯೆ. ಹಳೆಯ ಮೌಲ್ಯ, ಹೊಸ ಮೌಲ್ಯ, ಹೊತ್ತು, ವ್ಯಕ್ತಿ, ಆದೇಶ ಈ ಐದನ್ನೂ ಅಳಿಸಲಾಗದ ಕಡೆ ಬರೆದಿಡಬೇಕು. ಡಿಬಿಎ ಕೂಡ ಅದನ್ನು ಅಳಿಸಲಾರದಂತೆ ಇರಬೇಕು. ನಮ್ಮ ನಾಲ್ಕು ಗುಂಟೆಯ ಜಾಡು ಹಿಡಿಯಲು ನಾನು ಕೊನೆಗೆ ಮ್ಯುಟೇಶನ್ ಪ್ರತಿಗಳಿಗೆ ಅರ್ಜಿ ಹಾಕಿದೆ. ಅದೇ ಸರ್ವೆ ನಂಬರಿನ ಪಕ್ಕದವರ ವಿಭಾಗ ಪತ್ರದ ಮ್ಯುಟೇಶನ್ ಆದ ವರ್ಷವೇ ನಮ್ಮ ಅಳತೆಯೂ ಬದಲಾಗಿದೆ. ಪಕ್ಕದವರ ಸಾಲು ತಿದ್ದಲು ಹೋದವರು ನಮ್ಮ ಸಾಲನ್ನೂ ಮುಟ್ಟಿದ್ದಾರೆ ಅಂತ ನನ್ನ ಊಹೆ. ಡೇಟಾಬೇಸಿನಲ್ಲಿ ಒಂದು ಷರತ್ತು ಬಿಟ್ಟು ‘ಅಪ್‌ಡೇಟ್’ ಕೊಟ್ಟರೆ ಆಗುವ ಅನಾಹುತ ನಮಗೆಲ್ಲ ಗೊತ್ತಿರುವುದೇ. ಬದಲಾವಣೆಯ ಚರಿತ್ರೆ ಕೌಂಟರಿನಲ್ಲೇ ಸಿಗುತ್ತಿದ್ದರೆ ಅಪ್ಪ ಪಕ್ಕದ ಹೊಲದ ಅಣ್ಣನ ಮೇಲೆ ಎರಡು ವರ್ಷ ಮಾತು ಬಿಡುತ್ತಿರಲಿಲ್ಲ. ಅವರಿಗೂ ಈ ವಿಷಯ ಗೊತ್ತೇ ಇರಲಿಲ್ಲ.

ನಾಲ್ಕನೆಯದು, ಒತ್ತಡ ತಡೆಯುವ ವಿದ್ಯೆ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ಕುಸಿದು ರಾಜ್ಯದಾದ್ಯಂತ ನೋಂದಣಿ ಕುಂಟಿತು. ಋಣಭಾರ ಪತ್ರ ಹುಡುಕುವ ಭಾಗಕ್ಕೆ ನಕಲಿ ಖಾತೆಗಳಿಂದ ಎರಡೇ ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳು ಬಂದವು ಎಂದು ಆಗ ವರದಿಯಾಯಿತು. ದಾಳಿ ಮಾಡಿದವರು ಅಪರಾಧಿಗಳು, ಅದರಲ್ಲಿ ಮಾತಿಲ್ಲ. ಆದರೆ ಇಂಥ ಹುಡುಕಾಟಕ್ಕೆ ಸರಿಯಾದ ಸೂಚಿ ಇದೆಯೇ, ಒಬ್ಬ ಬಳಕೆದಾರ ನಿಮಿಷಕ್ಕೆ ಎಷ್ಟು ಸಲ ಕೇಳಬಹುದು, ಎಷ್ಟು ಸೆಕೆಂಡಿನಲ್ಲಿ ಮುಗಿಯದ ಹುಡುಕಾಟವನ್ನು ತಾನಾಗಿ ನಿಲ್ಲಿಸಬೇಕು, ಹುಡುಕಾಟಕ್ಕೆ ಒಂದು ಪ್ರತಿ ಮತ್ತು ನೋಂದಣಿಗೆ ಮೂಲ ಅಂತ ಬೇರೆ ಮಾಡಬಹುದೇ ಇವೆಲ್ಲ ದಿನನಿತ್ಯದ ಡಿಬಿಎ ಪ್ರಶ್ನೆಗಳು. ಸೋಮವಾರ ಬೆಳಗ್ಗೆ ಕಾಣುವ ‘ಸರ್ವರ್ ಇಲ್ಲ’ ಎಷ್ಟೋ ಸಲ ಯಂತ್ರದ ದೋಷವೇ ಅಲ್ಲ, ಯಾರೂ ಕೂತು ಸರಿ ಮಾಡದ ಒಂದು ಹುಡುಕಾಟ ಎಲ್ಲರ ದಾರಿಗೂ ಅಡ್ಡ ಮಲಗಿರುತ್ತದೆ.

ಐದನೆಯದು, ಕನ್ನಡದ ವಿದ್ಯೆ. ಇದನ್ನು ಅಮೆರಿಕದ ಪುಸ್ತಕ ಯಾವುದೂ ಹೇಳಿಕೊಡುವುದಿಲ್ಲ. ‘ಬೋರೇಗೌಡ’ ಅಂತ ಬರೆಯುವಾಗ ‘ಬೋ’ದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಗುರುತಾಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡು ಬೇರೆ ಬೇರೆ ಹೆಸರು. ಹಳೇ ಫಾಂಟಿನಿಂದ ಯೂನಿಕೋಡಿಗೆ ಪರಿವರ್ತಿಸುವಾಗ ಕಣ್ಣಿಗೆ ಕಾಣದ ಜೋಡಕ ಗುರುತುಗಳೂ ನುಸುಳಿರುತ್ತವೆ. ಪಹಣಿಯ ಹೆಸರು ಆಧಾರಿನ ಹೆಸರಿಗೆ ಕೂಡಿಬರುವುದಿಲ್ಲ, ರೈತ ಅಲೆಯುತ್ತಾನೆ. ಮದ್ದು ದೊಡ್ಡದೇನಲ್ಲ. ದತ್ತಾಂಶ ಒಳಗೆ ಬರುವಾಗಲೇ ಒಂದೇ ರೂಪಕ್ಕೆ ತರಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ 13ನೇ ಆವೃತ್ತಿಯಿಂದ ಅದಕ್ಕೆ ‘ನಾರ್ಮಲೈಸ್’ ಅನ್ನುವ ಫಂಕ್ಷನ್ನೇ ಇದೆ. ಆದರೆ ಈ ಸಮಸ್ಯೆ ಇದೆ ಅಂತ ಹೊಳೆಯಬೇಕಾದರೆ ಕನ್ನಡ ಓದಲು ಬರಬೇಕು. ‘ಪುಟ್ಟಸ್ವಾಮಿ’ ಮತ್ತು ‘ಪುಟ್ಟಸ್ವಾಮಿಗೌಡ’ ಒಬ್ಬರೇ ಇರಬಹುದು, ‘ನಿಂಗಮ್ಮ ಕೋಂ ನಿಂಗೇಗೌಡ’ ಅನ್ನುವ ಇಬ್ಬರು ಒಂದೇ ಊರಲ್ಲಿ ಇರಬಹುದು ಅನ್ನುವ ಊರಿನ ತಿಳಿವಳಿಕೆ ಬೇಕು. ನಮ್ಮ ನಾಲ್ಕು ತಾಲೂಕಿನ ಹುಡುಗ ಹುಡುಗಿಯರಿಗೆ ಹೈದರಾಬಾದಿನ, ಗುರುಗ್ರಾಮದ ಯಾವ ತಜ್ಞರಿಗೂ ಇಲ್ಲದ ಬಲ ಇದು.

ಹಳೇ ಲ್ಯಾಪ್‌ಟಾಪ್ ಸಾಕು

ಇದನ್ನು ಕಲಿಯಲು ಲಕ್ಷ ರೂಪಾಯಿಯ ಕೋರ್ಸ್ ಬೇಕು ಅಂತ ಬೆಂಗಳೂರಿನ ಬೋರ್ಡುಗಳು ಹೇಳುತ್ತವೆ. ಬೇಡ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ ಉಚಿತ. ಒರಾಕಲ್, ಎಸ್‌ಕ್ಯೂಎಲ್ ಸರ್ವರ್‌ಗೂ ಕಲಿಯುವವರಿಗೆ ಉಚಿತ ಆವೃತ್ತಿಗಳಿವೆ. ಪೋಸ್ಟ್‌ಗ್ರೆಸ್‌ನ ಅಧಿಕೃತ ಕೈಪಿಡಿಗಿಂತ ಒಳ್ಳೆಯ ಪಠ್ಯ ನನಗೆ ಸಿಕ್ಕಿಲ್ಲ. ಬ್ಯಾಕಪ್, ಅನುಮತಿ, ಕಾರ್ಯವೇಗದ ಅಧ್ಯಾಯಗಳನ್ನು ಮೊದಲು ಓದಿ. ಎನ್‌ಪಿಟೆಲ್‌ನಲ್ಲಿ ಪಾರ್ಥ ಪ್ರತಿಮ ದಾಸ್ ಅವರು ಐಐಟಿ ಖರಗ್‌ಪುರದಲ್ಲಿದ್ದಾಗ ಮಾಡಿದ ಪಾಠಗಳಿವೆ. ಒಳಗಿನ ಯಂತ್ರ ಹೇಗೆ ಓಡುತ್ತದೆ ಅನ್ನುವ ಕುತೂಹಲ ಇದ್ದರೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಂಡಿ ಪಾವ್ಲೊ ಅವರ ತರಗತಿಗಳು ಯೂಟ್ಯೂಬಿನಲ್ಲೇ ಸಿಗುತ್ತವೆ.

ಓದಿದ್ದನ್ನು ಕೈಗೆ ತರಲು ನಾನು ಹೊಸಬರಿಗೆ ಹೇಳುವ ಅಭ್ಯಾಸ ಹೀಗಿದೆ. ಹಳೇ ಲ್ಯಾಪ್‌ಟಾಪಿನಲ್ಲಿ ಪೋಸ್ಟ್‌ಗ್ರೆಸ್ ಹಾಕಿ. ಹತ್ತು ಲಕ್ಷ ಸಾಲಿನ ಒಂದು ಸುಳ್ಳು ಪಹಣಿ ಪಟ್ಟಿ ತಯಾರಿಸಿ. ಮೊದಲ ವಾರ ಹುಡುಕಾಟ ಯಾಕೆ ನಿಧಾನ ಅಂತ ‘ಎಕ್ಸ್‌ಪ್ಲೇನ್’ ಆಜ್ಞೆ ಕೊಟ್ಟು ನೋಡಿ, ಸೂಚಿ ಹಾಕಿ, ಮತ್ತೆ ನೋಡಿ. ಎರಡನೇ ವಾರ ಮೂರು ಬಗೆಯ ಬಳಕೆದಾರರನ್ನು ಮಾಡಿ: ಓದುವವನು, ತಿದ್ದುವವನು, ಒಪ್ಪುವವನು. ಮೂರನೇ ವಾರ ಪ್ರತಿ ತಿದ್ದುಪಡಿಯೂ ಇನ್ನೊಂದು ಪಟ್ಟಿಯಲ್ಲಿ ದಾಖಲಾಗುವಂತೆ ಮಾಡಿ. ನಾಲ್ಕನೇ ವಾರ ಗೆಳೆಯನನ್ನು ಕರೆದು “ನನಗೆ ಹೇಳದೇ ಏನಾದರೂ ಅಳಿಸು” ಅನ್ನಿ. ಅವನು ಅಳಿಸುವ ಒಂದು ನಿಮಿಷ ಮೊದಲಿನ ಸ್ಥಿತಿಗೆ ಡೇಟಾಬೇಸನ್ನು ವಾಪಸ್ ತನ್ನಿ. ಎಷ್ಟು ಹೊತ್ತಾಯಿತು ಅಂತ ಬರೆದಿಡಿ. ಆ ಚೀಟಿ ಹಿಡಿದು ನನ್ನ ಮುಂದೆ ಸಂದರ್ಶನಕ್ಕೆ ಬಂದರೆ ಸರ್ಟಿಫಿಕೇಟ್ ಕೇಳುವುದಿಲ್ಲ.

ಎಐ ಬಂದ ಮೇಲೆ ಇದೆಲ್ಲ ಯಾಕೆ ಅನ್ನುವವರಿಗೆ

ಊರಿನ ಹುಡುಗರು ಈಗ ಕೇಳುವ ಪ್ರಶ್ನೆ ಇದು: “ಅಣ್ಣ, ಎಐ ಬಂದೈತಲ್ಲ, ನಿಮ್ ಕೆಲಸವೇ ಹೋಯ್ತದಂತೆ?” ಸ್ವಲ್ಪ ನಿಜ. ಮಾಮೂಲಿ ಕೆಲಸಗಳು ಯಂತ್ರಕ್ಕೆ ಹೋಗುತ್ತಿವೆ, ಸಣ್ಣ ಸ್ಕ್ರಿಪ್ಟುಗಳನ್ನು ನಾನೂ ಅದರಿಂದಲೇ ಬರೆಸುತ್ತೇನೆ. ಆದರೆ 2025ರ ಜುಲೈಯಲ್ಲಿ ರೆಪ್ಲಿಟ್ ಕಂಪನಿಯ ಎಐ ಏಜೆಂಟ್, ಏನನ್ನೂ ಬದಲಿಸಬೇಡ ಅಂತ ಹೇಳಿದ್ದರೂ ಬಳಕೆದಾರನೊಬ್ಬನ ಚಾಲ್ತಿ ಡೇಟಾಬೇಸನ್ನೇ ಅಳಿಸಿಹಾಕಿತು. ಬೀಗದ ಕೈ ಪೂರ್ತಿ ಕೊಟ್ಟಿದ್ದರು, ಅದು ಬಳಸಿತು. ಅದೇ ‘ಎಲ್ಲ ಅನುಮತಿ ಕೊಡು’ ಪಾಠ. ಯಂತ್ರದ ಕೈಗೆ ಎಷ್ಟು ಕೊಡಬೇಕು, ಕೆಟ್ಟಾಗ ಹೇಗೆ ವಾಪಸ್ ತರಬೇಕು, ತಪ್ಪಾದರೆ ಯಾರು ಹೊಣೆ ಅಂತ ನಿಂತು ಹೇಳುವ ಮನುಷ್ಯ ಇನ್ನೂ ಬೇಕು. ನಾಲ್ಕು ಗುಂಟೆ ಹೋದ ಯಜಮಾನನ ಎದುರು ಎಐ ಬಂದು ಕೂರುವುದಿಲ್ಲ.

ಈಗ ಕೇಳಬೇಕಾದ್ದು

ಈ ಮಾತು ಈಗಲೇ ಆಡಬೇಕಾದ ಕಾರಣವಿದೆ. ‘ಭೂ ಸುರಕ್ಷಾ’ ಹೆಸರಲ್ಲಿ ತಾಲೂಕು ದಾಖಲೆ ಕೊಠಡಿಗಳ ಹಳೇ ಕಡತಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಸತ್ತವರ ಹೆಸರಲ್ಲೇ ಉಳಿದ ಸುಮಾರು 50 ಲಕ್ಷ ಜಮೀನುಗಳಿವೆ ಅಂತ ಹೇಳಿ ಕಂದಾಯ ಇಲಾಖೆ ಪೌತಿ ಖಾತೆ ಆಂದೋಲನಕ್ಕೆ ಇಳಿದಿದೆ. ಪಹಣಿಗೆ ಆಧಾರ್ ಜೋಡಣೆ ನಡೆದಿದೆ. ಮೂರೂ ಒಳ್ಳೆಯ ಕೆಲಸ, ನಾನು ಮನಸಾರೆ ಬೆಂಬಲಿಸುತ್ತೇನೆ. ಆದರೆ ಒಂದೇ ಸಲಕ್ಕೆ ಇಷ್ಟು ಲಕ್ಷ ಸಾಲುಗಳು ಬದಲಾಗುವ ಹೊತ್ತಿನಲ್ಲೇ ತಪ್ಪುಗಳೂ ಹುಟ್ಟುವುದು. ಈಗ ಬಿದ್ದ ತಪ್ಪು ಮುಂದಿನ ಮೂವತ್ತು ವರ್ಷ ಕೋರ್ಟು ಅಲೆಸುತ್ತದೆ.

ನಾನು ಕೇಳುವುದು ನಾಲ್ಕೇ. ಒಂದು, ಜಿಲ್ಲೆಗೊಬ್ಬ ದತ್ತಾಂಶ ಪಾಲಕ ಬೇಕು. ಗುತ್ತಿಗೆಯ ಡೇಟಾ ಎಂಟ್ರಿ ಹುದ್ದೆ ಸಾಲದು. ಕಾಯಂ ಹುದ್ದೆ, ಹೆಸರು ಮತ್ತು ಫೋನ್ ನಂಬರು ಕಚೇರಿ ಗೋಡೆ ಮೇಲೆ. ಎರಡು, ಪಹಣಿಯ ಜತೆಗೆ ಅದರ ಬದಲಾವಣೆಯ ಚರಿತ್ರೆಯೂ ರೈತ ಕೇಳಿದಾಗ ಸಿಗಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ತಿದ್ದುಪಡಿ ಕೇಳುವ ಹಕ್ಕನ್ನು ತತ್ತ್ವದಲ್ಲಿ ಒಪ್ಪಿದೆ. ಏನು ಬದಲಾಯಿತು ಅಂತಲೇ ಗೊತ್ತಾಗದವನು ಆ ಹಕ್ಕನ್ನು ಹೇಗೆ ಬಳಸುತ್ತಾನೆ? ಮೂರು, ವರ್ಷಕ್ಕೆರಡು ಸಲ ಬ್ಯಾಕಪ್‌ನಿಂದ ದತ್ತಾಂಶ ವಾಪಸ್ ತರುವ ಪರೀಕ್ಷೆ ನಡೆದು ಎಷ್ಟು ಗಂಟೆ ಬೇಕಾಯಿತು ಅನ್ನುವ ಫಲಿತಾಂಶ ಪ್ರಕಟವಾಗಬೇಕು. ನಾಲ್ಕು, ನಮ್ಮ ಕಾಲೇಜುಗಳ ಲ್ಯಾಬಿನಲ್ಲಿ ಕೆಡಿಸಿ ಕಟ್ಟುವ ಪ್ರಯೋಗ ಸೇರಬೇಕು. ವಿಟಿಯು ಪಠ್ಯ ಬದಲಾಗುವವರೆಗೆ ಕಾಯಬೇಕಿಲ್ಲ. ಒಂದು ಶನಿವಾರ ಮಧ್ಯಾಹ್ನ ಸಾಕು, ಕರೆದರೆ ನಾನೇ ಬರುತ್ತೇನೆ.

ಇದನ್ನು ಅರ್ಥ ಮಾಡಿಕೊಳ್ಳುವವರು ಅಧಿಕಾರದ ಹತ್ತಿರ ಇಲ್ಲ ಅನ್ನುವಂತೆಯೂ ಇಲ್ಲ. ಪಾಂಡವಪುರ ಸೇರಿದ ಮೇಲುಕೋಟೆ ಕ್ಷೇತ್ರದಿಂದ 2023ರಲ್ಲಿ ಗೆದ್ದ ದರ್ಶನ್ ಪುಟ್ಟಣ್ಣಯ್ಯ ಅಮೆರಿಕದಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸಿ ಬಂದವರು, ರೈತ ಚಳವಳಿಯ ಮನೆಯವರು. ಅದೇ ವರ್ಷ ಕೃಷಿ ಖಾತೆ ವಹಿಸಿಕೊಂಡ ಎನ್. ಚಲುವರಾಯಸ್ವಾಮಿ ನಾಗಮಂಗಲದಿಂದ ಗೆದ್ದವರು. ರೈತನ ಹೊಲದ ದಾಖಲೆಗೆ ಒಂದು ಕಂಪನಿಯ ಗಿರಾಕಿ ಪಟ್ಟಿಗೆ ಸಿಗುವಷ್ಟಾದರೂ ಕಾವಲು ಸಿಗಬಾರದೇ ಅಂತ ಅವರು ವಿಧಾನಸೌಧದಲ್ಲಿ ಕೇಳಲಿ.

ನಮ್ಮ ತಿದ್ದುಪಡಿ ಅರ್ಜಿ ಕೊಟ್ಟು ಬಂದಿದ್ದೇವೆ. ಸ್ವೀಕೃತಿ ಚೀಟಿಯೂ ಅಪ್ಪನ ಪ್ಲಾಸ್ಟಿಕ್ ಕವರಿಗೇ ಸೇರಿದೆ. ಬಸ್ ಹತ್ತುವಾಗ ಅಪ್ಪ ಕೇಳಿದರು: “ಅಲ್ಲಾ ಕಣ್ಲಾ, ಈ ಕವರು ನಾನು ಇಕ್ಕಂಡಿದ್ದಕ್ಕೆ ಸರಿಹೋಯ್ತು. ಇಲ್ಲದೋರು ಏನ್ ಮಾಡ್ತಾರೆ?”

2009ರ ಆ ಕಾಗದ ಇಲ್ಲದಿದ್ದರೆ ನಾಲ್ಕು ಗುಂಟೆ ಹೋಗಿದೆ ಅಂತಲೇ ನಮಗೆ ಗೊತ್ತಾಗುತ್ತಿರಲಿಲ್ಲ. ಕೋಟಿಗಟ್ಟಲೆ ಖರ್ಚಿನ ವ್ಯವಸ್ಥೆಯ ತಪ್ಪನ್ನು ಹಿಡಿದದ್ದು ಒಬ್ಬ ರೈತ ಹದಿನಾರು ಹದಿನೇಳು ವರ್ಷ ಜೋಪಾನ ಮಾಡಿದ ಒಂದು ಬ್ಯಾಕಪ್. ನಿಮ್ಮ ಮನೆಯಲ್ಲೂ ಅಂಥ ಕವರ್ ಇದ್ದರೆ ಎಸೆಯಬೇಡಿ. ಹೊಸ ಪಹಣಿ ತೆಗೆಸಿ, ಹಳೆಯದರ ಪಕ್ಕ ಇಟ್ಟು, ಹೆಸರು ಮತ್ತು ಅಳತೆಯನ್ನು ಈ ವಾರವೇ ಒಂದು ಸಲ ತಾಳೆ ನೋಡಿ.